ಹದಿನೈದು ಫಾರ್ವರ್ಡ್‌ಗಳಿದ್ದರೂ ಸೆಂಟರ್ ಸಾಲಲಿಲ್ಲ

ಐಸ್ ಹಾಕಿಯ ಅಮೆರಿಕನ್ ಹಾಕಿ ಲೀಗಿನ ಒಂದು ತಂಡದಲ್ಲಿ ಆಟಗಾರರ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಮೇಲೆ ಎನ್‌ಎಚ್‌ಎಲ್‌ನ, ಅಂದರೆ ಅತ್ಯುನ್ನತ ಲೀಗಿನ, ಒಂದು ತಂಡವಿದೆ. ಅಲ್ಲಿ ಯಾರಿಗಾದರೂ ಪೆಟ್ಟಾದರೆ ಆ ಜಾಗಕ್ಕೆ ಹೋಗುವವರು ನಮ್ಮ ಹುಡುಗರು.

ಮೊದಲ ವರ್ಷ ನಾನು ಬರೀ ತಲೆ ಎಣಿಸಿದೆ. ಪಂದ್ಯಕ್ಕೆ ಬೇಕಾದದ್ದು 12 ಫಾರ್ವರ್ಡ್‌ಗಳು, ಅಂದರೆ ದಾಳಿಯ ಆಟಗಾರರು, ಮೂವರಂತೆ ನಾಲ್ಕು ಲೈನ್: ನಡುವೆ ಸೆಂಟರ್, ಎರಡು ಬದಿಗೆ ವಿಂಗರ್‌ಗಳು. ನನ್ನ ಹತ್ತಿರ 15 ಜನರಿದ್ದರು, ಧಾರಾಳವಾಯಿತು ಅಂದುಕೊಂಡೆ. ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಮೇಲಿನವರ ಫೋನ್ ಬಂತು: ಇಬ್ಬರು ಸೆಂಟರ್‌ಗಳನ್ನು ಇವತ್ತೇ ಕಳಿಸಿ. ಅಂದಿನಿಂದ ಮೂರು ರಾತ್ರಿ ನಮಗೆ ಮೂರು ಪಂದ್ಯ. ಕೋಚ್ ಕೋಣೆಯ ಗೋಡೆಯಲ್ಲಿ ಹೆಸರು ಬರೆದ ಆಯಸ್ಕಾಂತದ ಪಟ್ಟಿಗಳಿವೆ. ಎರಡನ್ನು ಕಿತ್ತೆ. ನಡುವಿನ ಸಾಲು ಬೋಳಾಯಿತು. ಪಕ್ಕದಲ್ಲಿ ಎಡಗೈ ವಿಂಗರ್‌ಗಳು ಒಬ್ಬರ ಕೆಳಗೊಬ್ಬರು ಆರು ಜನ.

"ಇವರಲ್ಲಿ ನಮ್ಮ ಗೋಲಿನ ಹತ್ತಿರ ಫೇಸ್-ಆಫ್‌ಗೆ ನಿಲ್ಲೋರು ಯಾರು?" ಎಂದರು ಕೋಚ್. ಆಟ ಮತ್ತೆ ಶುರುವಾಗುವಾಗ ನಡುವೆ ಬಿಡುವ ಪಕ್‌ಗಾಗಿ (ಹಾಕಿಯ ಬಿಲ್ಲೆ) ಎರಡೂ ತಂಡದ ಒಬ್ಬೊಬ್ಬರು ಎದುರೆದುರು ನಿಂತು ಸೆಣಸುವುದೇ ಫೇಸ್-ಆಫ್, ಸಾಮಾನ್ಯವಾಗಿ ಅದು ಸೆಂಟರ್‌ನ ಕೆಲಸ. ನನ್ನಲ್ಲಿ ಉತ್ತರವಿರಲಿಲ್ಲ. ಮೂರೂ ಪಂದ್ಯ ಸೋತೆವು. ಅದು ನನ್ನ ತಪ್ಪು.

ಮುಂದಿನ ಬೇಸಿಗೆಯಲ್ಲಿ ಆಟಗಾರರ ಪಟ್ಟಿಯನ್ನು ನಡುವಿನಿಂದ, ಅಂದರೆ ಸೆಂಟರ್‌ಗಳಿಂದ, ಕಟ್ಟುತ್ತಾ ಬಂದೆ. ವಿಂಗರ್‌ಗಳ ಹಳೆಯ ವಿಡಿಯೊ ಹಾಕಿಕೊಂಡು ಒಂದೇ ಸಂಗತಿ ಹುಡುಕಿದೆ. ಫೇಸ್-ಆಫ್‌ನಲ್ಲಿ ಸೆಂಟರ್ ತಪ್ಪು ಮಾಡಿದರೆ ಲೈನ್ಸ್‌ಮನ್ (ಪಂದ್ಯದ ಅಧಿಕಾರಿ) ಅವನನ್ನು ಆಚೆ ಕಳಿಸುತ್ತಾನೆ, ಬದಲಿಗೆ ಇನ್ನೊಬ್ಬ ಬರಬೇಕು. ಆಗ ಯಾರು ತಾನಾಗಿ ಮುಂದೆ ಬರುತ್ತಾನೆ, ಕೆಳಗಿನ ಕೈಯನ್ನು ಕೋಲಿನ ತುದಿಯತ್ತ ಇಳಿಸಿ ಮೈ ಬಗ್ಗಿಸುತ್ತಾನೆ? ಗೋಲುಗಳ ಅಂಕಿ ಇದನ್ನು ಹೇಳುವುದಿಲ್ಲ. ಹಾಗೆ ಸಿಕ್ಕವನೊಬ್ಬ ಕಾಲೇಜಿನಲ್ಲಿ ಎರಡು ವರ್ಷ ಸೆಂಟರ್ ಆಡಿದ್ದನಂತೆ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅನುಭವಿಗಳನ್ನೇ ತುಂಬಿಕೊಳ್ಳೋಣವೆಂದರೆ ಲೀಗಿನ ನಿಯಮ ಬಿಡುವುದಿಲ್ಲ. ಹಾಗಾಗಿ ನಮಗಿಂತ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್ ಲೀಗಿನ ಕೋಚ್‌ಗಳಿಗೆ ವಾರಕ್ಕೊಮ್ಮೆ ಫೋನ್ ಮಾಡತೊಡಗಿದೆ. ಅಲ್ಲಿನವರನ್ನು 25 ಪಂದ್ಯಗಳ ಟ್ರೈಔಟ್ (ಪರೀಕ್ಷಾರ್ಥ) ಒಪ್ಪಂದದ ಮೇಲೆ ಕರೆಸಬಹುದು. ನಾಲ್ಕನೇ ಲೈನಿಗೆ ಪೆನಾಲ್ಟಿ ಕಿಲ್ (ನಮ್ಮವನೊಬ್ಬ ಶಿಕ್ಷೆಗೆ ಹೊರಗಿದ್ದಾಗಿನ ರಕ್ಷಣೆ) ಕೊಡಿ ಎಂದು ಕೋಚ್ ಹತ್ತಿರ ಹಟ ಹಿಡಿದೆ. ರಾತ್ರಿಗೆ ಐದು ನಿಮಿಷ ಆಡಿದವನು ತುರ್ತಿಗೆ ಹದಿನೈದು ನಿಮಿಷ ಆಡಲಾರ.

ನಾನು ಈ ವಿಷಯದಲ್ಲಿ ಮತ್ತೆ ಮತ್ತೆ ನೋಡುವುದು ಎನ್‌ಎಚ್‌ಎಲ್‌ನ ಟ್ಯಾಂಪಾ ಬೇ ತಂಡವನ್ನು. 2020ರ ಫೆಬ್ರವರಿಯಲ್ಲಿ ಅವರು ಬ್ಲೇಕ್ ಕೋಲ್ಮನ್ ಮತ್ತು ಬಾರ್ಕ್ಲೇ ಗುಡ್ರೋಗಾಗಿ ಒಂದೊಂದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ) ಬಿಟ್ಟುಕೊಟ್ಟರು, ಮೂರನೇ ಲೈನಿಗಾಗಿ! ಆ ಇಬ್ಬರ ನಡುವೆ ನಿಂತ ಯಾನಿ ಗೂರ್ಡ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸದವನು, ಇಸಿಎಚ್‌ಎಲ್‌ನಲ್ಲೂ ನಮ್ಮ ಲೀಗಿನಲ್ಲೂ ಆಡಿ ಮೇಲೆ ಬಂದವನು. 2020, 2021 ಎರಡೂ ವರ್ಷ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಟ್ಯಾಂಪಾ ಬೇಯದೇ.

ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಫೋನ್ ಬಂತು, ಒಬ್ಬ ಸೆಂಟರ್ ಹೋದ. ಕಾಲೇಜಿನಲ್ಲಿ ಸೆಂಟರ್ ಆಡಿದ್ದ ಆ ಹುಡುಗನ ಹೆಸರಿನ ಆಯಸ್ಕಾಂತದ ಪಟ್ಟಿಯನ್ನು ನಡುವಿಗೆ ಸರಿಸಿದೆ. ಆ ರಾತ್ರಿ ಅವನು ಗೆದ್ದ ಫೇಸ್-ಆಫ್‌ಗಿಂತ ಸೋತದ್ದೇ ಹೆಚ್ಚು. ಆದರೆ ಸೋತ ಮೇಲೂ ತಾನು ಕಾಯಬೇಕಾದ ಎದುರಾಳಿಯನ್ನು ಬಿಡದೆ ಗೋಲಿನ ಮುಂದೆ ನಿಂತ. ಕೋಚ್ ಅವನನ್ನು ಅಲ್ಲಿಂದ ತೆಗೆಯಲಿಲ್ಲ. ಬಲಗೈ ಸೆಂಟರ್ ಮಾತ್ರ ನಮ್ಮಲ್ಲಿ ಇನ್ನೂ ಒಬ್ಬನೇ. ಈ ಬೇಸಿಗೆ ಅದೇ ಹುಡುಕಾಟ.