ಸಿಲ್ವರ್ ಪಾಮ್: ಉಪಚಾರ ಕಮ್ಮಿ ಮಾಡಿದ ಮೇಲೆ ಗೆದ್ದೆ

ಫ್ಲೋರಿಡಾದ ಹೋಮ್‌ಸ್ಟೆಡ್‌ನ ನಮ್ಮ ಹಿತ್ತಲಲ್ಲಿ ಈಗ 22 ಸಿಲ್ವರ್ ಪಾಮ್ ನಿಂತಿವೆ. ಎಲೆಯ ಅಡಿಭಾಗ ಬೆಳ್ಳಿಯಂತೆ ಹೊಳೆಯುವ, ತುಂಬಾ ನಿಧಾನಕ್ಕೆ ಬೆಳೆಯುವ ತಾಳೆ ಜಾತಿ ಇದು. ಎಲ್ಲಾ ಬೀಜದಿಂದ ಬಂದವು. ಎಂಟು ವರ್ಷಕ್ಕೆ ಸೊಂಟದೆತ್ತರ. "ನಿನ್ನ ಮೊಮ್ಮಕ್ಕಳ ಕಾಲಕ್ಕೆ ಆಗ್ತದೆ, ಬಿಡು ಮಾರಾಯ" ಅಂದಿದ್ದವರೇ ಮೊನ್ನೆ ಬಂದು ಎಲೆ ಮಗುಚಿ ಬೆಳ್ಳಿ ಬಣ್ಣ ನೋಡಿ ಹೋದರು.

ನಾನು ಅಡಿಕೆ ತೋಟದವ. ಅದೇ ಮುಳುವಾಯಿತು. ಬೀಜದಡಿಕೆಗೆ ಮಾಡಿದ ಹಾಗೆ ನೆರಳು, ತೇವ, ಹಟ್ಟಿಗೊಬ್ಬರ ಎಲ್ಲ ಕೊಟ್ಟೆ. ಇನ್ನೂರು ಬೀಜದಲ್ಲಿ ಹತ್ತೋ ಹನ್ನೆರಡೋ ಮೊಳೆತವು. ಅವುಗಳ ಸುಳಿ ಹಿಡಿದರೆ ಕೈಗೇ ಬರುತ್ತಿತ್ತು, ಬುಡದಲ್ಲಿ ಕೊಳೆತ ವಾಸನೆ. ಸಿಟ್ಟಿನಲ್ಲಿ ದೊಡ್ಡ ಗಿಡಗಳನ್ನೇ ಕೊಂಡೆ. ನಾಲ್ಕಕ್ಕೆ ಏಳೆಂಟು ನೂರು ಡಾಲರ್. ನೆಲದಿಂದ ಅಗೆದು ತಂದವು, ಬೇರು ಕಡಿದಿತ್ತು. ಮೂರು ಸತ್ತವು. ಮನೆಯವಳು ಲೆಕ್ಕ ಬರೆದಿಟ್ಟಿದ್ದಾಳೆ, ನಾನು ಆ ಪುಸ್ತಕ ತೆರೆಯುವುದಿಲ್ಲ.

ಫ್ಲೋರಿಡಾದ ದಕ್ಷಿಣದ ಬಿಗ್ ಪೈನ್ ಕೀ ದ್ವೀಪಕ್ಕೆ ಹೋದಾಗ ಬುದ್ಧಿ ಬಂತು. ಪೈನ್ ಮರಗಳ ನಡುವೆ, ಸುಣ್ಣಕಲ್ಲಿನ ಬಿರುಕಲ್ಲಿ, ಒಂದು ಹಿಡಿ ಮಣ್ಣೂ ಇಲ್ಲದ ಕಡೆ ಇದು ಆರಾಮಾಗಿ ನಿಂತಿತ್ತು. ರಾಜ್ಯದ ಸಂರಕ್ಷಿತ ಪಟ್ಟಿಯಲ್ಲಿರುವ ಗಿಡ, ಹಾಗಾಗಿ ಅಲ್ಲಿನ ಹಣ್ಣು ಮುಟ್ಟಲಿಲ್ಲ. ಬೀಜ ಗೆಳೆಯರ ತೋಟದ್ದು.

ಈ ಸಲ ಕಪ್ಪಾದ ಹಣ್ಣು ಮಾತ್ರ ಆರಿಸಿ, ತಿರುಳು ಉಜ್ಜಿ ತೆಗೆದು, ಎರಡು ದಿನ ನೆನೆಸಿದೆ. ನೀರಿಗೆ ಏನು ಬೆರೆಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಕ್ಕಾಲು ಪಾಲು ಸುಣ್ಣಕಲ್ಲಿನ ಪುಡಿಜಲ್ಲಿ, ಕಾಲು ಪಾಲು ಕಾಂಪೋಸ್ಟ್. ಆಳದ ಕುಂಡ. ನೆರಳುಬಲೆ ತೆಗೆದೆ. ಮೂರನೇ ತಿಂಗಳಿಗೆ ಮೊಳಕೆ ಶುರು, ಎಂಟನೇ ತಿಂಗಳವರೆಗೂ ಒಂದೊಂದೇ ಬರ್ತಾ ಇತ್ತು. ನೂರಕ್ಕೆ ಅರವತ್ತಾದರೂ ಬಂದಿರಬೇಕು. ಮೊದಲ ಎಲೆ ಥೇಟ್ ಹುಲ್ಲು, ಕಳೆ ಅಂತ ನಾನೇ ನಾಲ್ಕೈದು ಕಿತ್ತೆಸೆದೆ!

ಸುಮ್ನೆ ನೋಡೋಣ ಅಂತ ಅಡಿಕೆಯನ್ನೂ ಅದೇ ಜಲ್ಲಿಗೆ ಹಾಕಿದೆ. ಹಳದಿಯಾಗಿ ಹೋಯಿತು. ಇದರದೇ ಬಳಗದ, ಕಾಂಡದ ಮೇಲೆ ಗಡ್ಡದಂಥ ನಾರು ಬೆಳೆಯುವ ಕ್ಯೂಬಾದ ಓಲ್ಡ್ ಮ್ಯಾನ್ ಪಾಮ್ ಮೂರು ಬೀಜ ತರಿಸಿದ್ದೆ, ಒಂದು ಬದುಕಿದೆ. ಆರು ವರ್ಷವಾಯಿತು, ಅಜ್ಜನಿಗಿನ್ನೂ ಗಡ್ಡ ಬಂದಿಲ್ಲ.

ನೆಲಕ್ಕೆ ನೆಡುವಾಗ ಹಾರೆಯಲ್ಲಿ ಬಂಡೆ ಒಡೆಯಬೇಕು, ದಿನಕ್ಕೆ ಎರಡು ಗುಂಡಿ ಆದರೆ ಜಾಸ್ತಿ. ಆಮೇಲೆ ವರ್ಷಕ್ಕೆ ಮೂರು ಸಲ 8-2-12 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು), ಅಷ್ಟೇ. ಕೆಳಗಿನ ಹಳದಿ ಎಲೆ ಕಡಿಯಬೇಡಿ. ಪೊಟ್ಯಾಷ್ ಕಮ್ಮಿಯಾದಾಗ ಗಿಡ ಅದರಿಂದಲೇ ಹೀರಿ ಹೊಸ ಎಲೆಗೆ ಕೊಡುತ್ತದೆ. ಪಕ್ಕದ ಮನೆಯವರು ಮಾತ್ರ ಇವತ್ತೂ ಕತ್ತರಿ ಹಿಡಿದು ಬೇಲಿ ಹತ್ತಿರ ನಿಂತಿದ್ದರು.