ಫೋನ್ ಡೆಡ್, ದೂರು ಮಾತ್ರ ‘ಕ್ಲೋಸ್’

ಮಲೆನಾಡಿನ ನಮ್ಮ ಮನೆಯಲ್ಲಿ ಮೊಬೈಲ್‌ಗೆ ಎರಡು ಕಡ್ಡಿ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ದಾಟಿ ಗುಡ್ಡ ಹತ್ತಬೇಕು. ಎಪ್ಪತ್ತೆಂಟು ವರ್ಷದ ಅಪ್ಪ ದಿನಾ ಹತ್ತುವ ಮಾತಿಲ್ಲ. ಹಾಗಾಗಿ ಲ್ಯಾಂಡ್‌ಲೈನ್ ಇಟ್ಟುಕೊಂಡಿದ್ದೇವೆ. ಒಂದು ಮಳೆಗಾಲ ಅದು 41 ದಿನ ಸತ್ತು ಬಿದ್ದಿತ್ತು. ಅಷ್ಟರಲ್ಲಿ ಅಪ್ಪ ಏಳು ಸಲ ದೂರು ಕೊಟ್ಟಿದ್ದರು. ಒಂದರ ನಂಬರೂ ಬರೆದಿಟ್ಟಿರಲಿಲ್ಲ. ಕೇಳಿದರೆ, ‘ಹೇಳಿದೀನಿ ಮಾರಾಯ, ನೋಡ್ತಾರಂತೆ’ ಅಂದರು.

ಅಕ್ಕಪಕ್ಕದ ಮನೆಗಳದ್ದೂ ಇದೇ ಕತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯೊಳಗೆ ನೋಡಿ

ಹೊರಗಿನ ವೈರ್ ಗೋಡೆಗೆ ಬಂದು ಸೇರುವ ಮೊದಲ ಪೆಟ್ಟಿಗೆ ಹುಡುಕಿ. ಎಕ್ಸ್‌ಟೆನ್ಷನ್, ಮೋಡೆಮ್, ಸ್ಪ್ಲಿಟರ್ ಎಲ್ಲ ಕಳಚಿ. ಪಕ್ಕದ ಮನೆಯಿಂದ ಸರಿಯಿರುವ ಒಂದು ಫೋನ್ ತಂದು ನೇರ ಅಲ್ಲಿಗೇ ಹಚ್ಚಿ. ಟೋನ್ ಬಂತಾ? ಹಾಗಾದರೆ ತಪ್ಪು ನಿಮ್ಮ ಮನೆಯೊಳಗಿನ ವೈರಿನದ್ದು ಅಥವಾ ಫೋನಿನದ್ದು. ನಮ್ಮಲ್ಲಿ ಒಮ್ಮೆ ಆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಇರುವೆ ಗೂಡು, ಸ್ಕ್ರೂ ಮೇಲೆ ಹಸಿರು ಕಿಲುಬು. ಒರೆಸಿ ಬಿಗಿ ಮಾಡಿದ್ದಕ್ಕೇ ಸರಿಹೋಯಿತು. ಗುಡುಗು ಮಿಂಚು ಇರುವಾಗ ಮಾತ್ರ ಇದಕ್ಕೆ ಕೈ ಹಾಕಬೇಡಿ. ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟ್ ಸದಾ ಬರುತ್ತಿರುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಹಳೇ ಫೋನ್ ನಡೆಯುವುದು ಅದರಿಂದಲೇ. ರಿಂಗ್ ಆಗುವಾಗ ವೋಲ್ಟೇಜ್ ಇನ್ನೂ ಜಾಸ್ತಿ, ಮುಟ್ಟಿದರೆ ಚುರುಕ್ ಅನ್ನುತ್ತದೆ.

ಫೈಬರ್ ಲೈನಾದರೆ ಲೆಕ್ಕ ಬೇರೆ. ಅದರ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಕರೆಂಟ್ ಹೋಯಿತು, ಫೋನೂ ಹೋಯಿತು. ಕರೆಂಟ್ ಇದ್ದೂ ‘ಎಲ್‌ಒಎಸ್’ ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆವರೆಗೆ ಬರುತ್ತಿಲ್ಲ ಎಂದರ್ಥ. ಹೆಚ್ಚಾಗಿ ಎಲ್ಲೋ ಕೊಂಬೆ ಬಿದ್ದು ಕೇಬಲ್ ತುಂಡಾಗಿರುತ್ತದೆ.

ಹಾಗೇ ಅಕ್ಕಪಕ್ಕದ ನಾಲ್ಕು ಮನೆ ಕೇಳಿ ನೋಡಿ. ಎಲ್ಲರದ್ದೂ ಸತ್ತಿದ್ದರೆ ದೂರಿನಲ್ಲಿ ಅದನ್ನೂ ಹೇಳಿ.

ದೂರು ಎಲ್ಲಿಗೆ?

198 ದೂರಿನ ಸಂಖ್ಯೆ ಎಂಬುದು ಹಲವರಿಗೆ ಬಾಯಿಪಾಠ. ಆದರೆ ಲ್ಯಾಂಡ್‌ಲೈನ್ ಸತ್ತಿರುವಾಗ ಮೊಬೈಲಿನಿಂದ 198 ಒತ್ತಿದರೆ ಅದು ಹೋಗುವುದು ಆ ಮೊಬೈಲಿನ ಕಂಪನಿಗೆ. ಅಲ್ಲಿ ಹತ್ತು ನಿಮಿಷ ಕಾದು ಬೈಸಿಕೊಂಡವರನ್ನು ನೋಡಿದ್ದೇನೆ. ಬಿಲ್ಲಿನ ಹಿಂಬದಿಯಲ್ಲಿ ಟೋಲ್ ಫ್ರೀ ನಂಬರ್ ಇರುತ್ತದೆ, ಅದಕ್ಕೆ ಮಾಡಿ.

ಒಂದು ಹಳೇ ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ದೂರಿನ ನಂಬರ್, ಯಾರು ಏನೆಂದರು. ಇಷ್ಟೇ. ದೂರಿನ ನಂಬರನ್ನು ‘ಡಾಕೆಟ್ ನಂಬರ್’ ಎನ್ನುತ್ತಾರೆ. ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಕೇಂದ್ರದ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ ಅದನ್ನು ಕೊಡಲೇಬೇಕು. ‘ಸಿಸ್ಟಮ್ ಡೌನ್ ಇದೆ ಸರ್, ಮೆಸೇಜ್ ಬರುತ್ತೆ’ ಅಂದರೆ ನಂಬಬೇಡಿ. ಮೆಸೇಜ್ ಬರದಿದ್ದರೆ ಸಂಜೆ ಮತ್ತೆ ಮಾಡಿ.

ಎಲ್ಲರೂ ಎಡವುವ ಜಾಗ

ಎರಡನೇ ದಿನವೋ ಮೂರನೇ ದಿನವೋ ಒಂದು ಮೆಸೇಜ್ ಬರುತ್ತದೆ. ‘ನಿಮ್ಮ ದೂರು ಪರಿಹಾರವಾಗಿದೆ.’ ಫೋನ್ ಎತ್ತಿದರೆ ಎಂದಿನಂತೆ ನಿಶ್ಶಬ್ದ. ಆಗ ನಾವೇನು ಮಾಡುತ್ತೇವೆ? ಬೈದುಕೊಂಡು ಎರಡು ದಿನ ಬಿಟ್ಟು ಹೊಸ ದೂರು ಕೊಡುತ್ತೇವೆ. ತಪ್ಪು ಇಲ್ಲೇ ಆಗುವುದು.

ಹೊಸ ದೂರು ಕೊಟ್ಟಿರೋ, ದಿನದ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ದುರಸ್ತಿ ಮೂರು ದಿನ ದಾಟಿದರೆ ಫೋನಿನ ಬಾಡಿಗೆಯಲ್ಲಿ ಕಡಿತ ಕೊಡಬೇಕು ಎಂದು ಟ್ರಾಯ್ ನಿಯಮವಿದೆ. ಆದರೆ ಅಪ್ಪ ಕೊಟ್ಟ ಏಳೂ ದೂರುಗಳು ಮೂರು ದಿನದೊಳಗೇ ಮುಗಿದಿದ್ದವು, ಕಾಗದದ ಮೇಲೆ! 41 ದಿನ ಸತ್ತ ಫೋನು ಅವರ ಲೆಕ್ಕದಲ್ಲಿ ಒಂದು ದಿನವೂ ತಡವಾಗಿ ರಿಪೇರಿ ಆಗಿರಲಿಲ್ಲ.

ಹಾಗಾಗಿ ಹೀಗೆ ಮಾಡಿ. ಆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಅದೇ ದಿನ ಫೋನ್ ಮಾಡಿ. ಮೊದಲು ಹಳೇ ಡಾಕೆಟ್ ನಂಬರ್ ಹೇಳಿ. ‘ಈ ದೂರು ಸರಿಯಾಗಿಲ್ಲ, ಇದನ್ನೇ ರೀಓಪನ್ ಮಾಡಿ’ ಎಂದು ಕೇಳಿ. ‘ಆಗಲ್ಲ, ಹೊಸದೇ ಹಾಕಬೇಕು’ ಅಂದರೆ ಜಗಳ ಬೇಡ. ಹೊಸದನ್ನು ಹಾಕಿಸಿ, ಆದರೆ ವಿವರದಲ್ಲಿ ಹಳೇ ನಂಬರನ್ನೂ, ಫೋನ್ ಸತ್ತ ಮೊದಲ ತಾರೀಕನ್ನೂ ಬರೆಸಿ. ಬರೆದದ್ದನ್ನು ಅವರಿಂದಲೇ ಒಮ್ಮೆ ಓದಿಸಿ. ಆಮೇಲೆ ಅದೇ ಮಾತನ್ನು ಇಮೇಲ್‌ನಲ್ಲೂ ಕಳಿಸಿ. ನಾಲ್ಕು ಸಾಲು ಸಾಕು: ‘ಜುಲೈ 3ರಿಂದ ಫೋನ್ ಸತ್ತಿದೆ. ದೂರು ಇಂಥದ್ದು, ಜುಲೈ 6ಕ್ಕೆ ಮುಗಿದಿದೆ ಎಂದು ಮೆಸೇಜ್ ಬಂತು. ಯಾರೂ ಮನೆಗೆ ಬಂದಿಲ್ಲ. ಫೋನ್ ಇವತ್ತಿಗೂ ಸತ್ತೇ ಇದೆ.’ ನಿಮ್ಮ ಸಿಟ್ಟು, ಮಗಳ ಮದುವೆ, ದೇಶದ ಪರಿಸ್ಥಿತಿ ಅದರಲ್ಲಿ ಬೇಡ. ತಾರೀಕುಗಳಷ್ಟೇ ಮಾತಾಡಲಿ.

ಕಾಲ್ ಸೆಂಟರಿನ ಹುಡುಗಿಯ ಮೇಲೆ ಕೂಗಾಡಬೇಡಿ. ಅವಳು ಕೂತಿರುವುದು ನಿಮ್ಮ ಕಂಬದಿಂದ ಮುನ್ನೂರು ಮೈಲಿ ಆಚೆ.

ಲೈನ್‌ಮ್ಯಾನ್ ಬಂದಾಗ

ಊರಲ್ಲಿ ಎಲ್ಲರ ಹತ್ತಿರವೂ ಲೈನ್‌ಮ್ಯಾನ್ ನಂಬರ್ ಇರುತ್ತದೆ. ಅಡ್ಡದಾರಿ ಎನ್ನಿ, ಕೆಲಸ ಮಾತ್ರ ಬೇಗ ಆಗುತ್ತದೆ. ಆದರೆ ಅವನಿಗೆ ಹೇಳಿದ್ದು ದೂರಲ್ಲ. ಡಾಕೆಟ್ ನಂಬರ್ ತೆಗೆದುಕೊಂಡ ಮೇಲೆ ಅವನಿಗೆ ಫೋನ್ ಮಾಡಿ. ಪಾಪ, ಹೆಚ್ಚಿನವರು ಕಾಂಟ್ರಾಕ್ಟ್ ಹುಡುಗರು. ಕಾಫಿ ಕೊಡಿ.

ಬಂದವನು ಎರಡು ವೈರ್ ತಿರುಚಿ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಹೋಗಲು ಬಿಡಬೇಡಿ. ಆ ಜಾಯಿಂಟ್ ಮುಂದಿನ ಮಳೆಗೇ ನೀರು ಕುಡಿಯುತ್ತದೆ. ಮೊದಲು ಕರಕರ ಸದ್ದು, ಎರಡು ದಿನ ಬಿಟ್ಟು ಪೂರ್ತಿ ಡೆಡ್. ಡಿಪಿ ಬಾಕ್ಸಿನಿಂದ (ಊರಿನ ಲೈನುಗಳು ಮನೆಮನೆಗೆ ಕವಲೊಡೆಯುವ ಪೆಟ್ಟಿಗೆ) ಮನೆವರೆಗೆ ಹೊಸ ಡ್ರಾಪ್ ವೈರ್ ಎಳೆಯಲು ಹೇಳಿ. ಕೇಬಲ್ಲಿನಲ್ಲಿ ನಿಮ್ಮ ಲೈನಿನ ಜೋಡಿ ತಂತಿ, ಅಂದರೆ ಹಳೇ ಪೇರ್ ಹಾಳಾಗಿದ್ದರೆ ಬೇರೆ ಪೇರ್‌ಗೆ ಹಾಕಿಸಿ. ವೈರನ್ನು ಅಡಿಕೆ ಮರಕ್ಕೆ ಕಟ್ಟಲು ಬಿಡಲೇಬೇಡಿ. ಗಾಳಿಗೆ ಮರ ತೂಗುತ್ತದೆ, ವೈರ್ ತೂಗಿಕೊಳ್ಳುವುದಿಲ್ಲ.

ಬಿಲ್ ಕಟ್ಟಿ

ಸಿಟ್ಟಿಗೆ ಬಿಲ್ ನಿಲ್ಲಿಸುವವರೇ ಜಾಸ್ತಿ. ಆಮೇಲೆ ‘ಬಾಕಿ ಇದ್ದಿದ್ದಕ್ಕೆ ಕಟ್ ಮಾಡಿದ್ದು’ ಎಂಬ ಉತ್ತರ ಸಿಗುತ್ತದೆ, ನಿಮ್ಮ ಕೇಸೇ ಬಿದ್ದುಹೋಗುತ್ತದೆ. ಕಟ್ಟಿ, ರಸೀದಿ ಇಟ್ಟುಕೊಂಡು, ಬಾಡಿಗೆ ಕಡಿತವನ್ನು ಬರಹದಲ್ಲಿ ಕೇಳಿ. ತಾನಾಗಿ ಬರುತ್ತದೆ ಎಂದು ಕಾಯಬೇಡಿ.

ಮೇಲಿನ ಮೆಟ್ಟಿಲು

ದೂರಿಗೆ ಬೆಲೆ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ದೂರು ಬಗೆಹರಿಸಬೇಕಾದ ಗಡುವು ಮುಗಿದ 30 ದಿನದೊಳಗೆ ಹಾಕಿ. ಶುಲ್ಕ ಇಲ್ಲ. 39 ದಿನದಲ್ಲಿ ತೀರ್ಮಾನ ಹೇಳಬೇಕು. ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಮೂಲೆಯಲ್ಲೆಲ್ಲೋ ಅಡಗಿರುತ್ತದೆ. ಟ್ರಾಯ್‌ನ ಟಿಸಿಸಿಎಂಎಸ್ ಎಂಬ ಗ್ರಾಹಕರ ದೂರಿನ ವೆಬ್ ಪುಟದಲ್ಲಿ ಹುಡುಕುವುದೇ ಸುಲಭ. ಸೀದಾ ಟ್ರಾಯ್‌ಗೇ ದೂರು ಬರೆಯುವವರಿದ್ದಾರೆ. ಅದು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಸುಮ್ನೆ ಕಂಪನಿಗೆ ದಾಟಿಸುತ್ತದೆ.

ಅದೂ ಆಗದಿದ್ದರೆ ಕೇಂದ್ರ ಸರ್ಕಾರದ ದೂರಿನ ವೆಬ್‌ಸೈಟ್ ಸಿಪಿಗ್ರಾಮ್ಸ್ ಪೋರ್ಟಲಿನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಬೇಗ ಅಲುಗಾಡುವುದು ಇದಕ್ಕೇ. ನಮ್ಮ ಫೋನ್ ಸರಿಯಾಗಿದ್ದು ಇಲ್ಲಿ ಹಾಕಿದ ಆರನೇ ದಿನ. ಏಣಿ ಹೊತ್ತು ಇಬ್ಬರು ಬಂದಿದ್ದರು.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಫೋನ್ ವಿಷಯ ಅಲ್ಲಿ ನಡೆಯಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. ಅದು 2009ರ ತೀರ್ಪಿನ ಮಾತು. ನಡೆಯುತ್ತದೆ ಎಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದ ಅವಧಿ ಇದೆ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ನೋಟ್‌ಬುಕ್ಕಿನ ಆ ಪುಟಗಳ ಜೆರಾಕ್ಸ್ ಮಾತ್ರ ಎರಡು ಪ್ರತಿ ಜಾಸ್ತಿ ಮಾಡಿಸಿಕೊಂಡು ಹೋಗಿ.