ಕೊಲೆ ಲೆಕ್ಕದ ಹಿಂದೆ ಬಿದ್ದು ಮೂರು ವರ್ಷ

ಎನ್‌ಸಿಆರ್‌ಬಿ (ದೇಶದ ಅಪರಾಧಗಳ ಅಂಕಿ ಕೊಡುವ ಕೇಂದ್ರ ಸಂಸ್ಥೆ) ವರದಿ ಬಂದ ದಿನ ನಮ್ಮ ಸಂಪಾದಕರ ಪ್ರಶ್ನೆ ಒಂದೇ. "ಕೊಲೆಯಲ್ಲಿ ಯಾವ ಜಿಲ್ಲೆ ನಂಬರ್ ಒನ್ ಹೇಳ್ರಿ, ಹೆಡ್ಡಿಂಗ್ ಹಾಕಬೇಕು." ಹದಿನಾರು ವರ್ಷ ನಾನೂ ಹೇಳಿದೆ. ಒಂದು ಸಲ ಮಾತ್ರ "ಈ ಸಲ ಹೇಳೋದಿಲ್ಲ ಸರ್, ಐದು ವರ್ಷದ್ದು ಕೂಡಿಸಿ, ಸೋಸಿ ಕೊಡ್ತೀನಿ" ಅಂದುಬಿಟ್ಟೆ. ಡೆಸ್ಕಿನವರು ನಕ್ಕರು. ಸಂಖ್ಯಾಶಾಸ್ತ್ರ ಪಾಠ ಮಾಡುವ ಗೆಳೆಯನೂ ನಕ್ಕ. "ಪೊಲೀಸರ ರಿಜಿಸ್ಟರ್ ಇಟ್ಕೊಂಡು ಲಕ್ಷ ಜನಕ್ಕೆ ಎಷ್ಟು ಕೊಲೆ ಅಂತ ದರ ತೆಗೀತೀಯಾ? ನೀರು ಕಡೆದು ಬೆಣ್ಣೆ ತೆಗೆದಂಗಾತು."

ಬೆಣ್ಣೆ ಸಿಕ್ಕಿತು. ಆದರೆ ಮೂರು ವರ್ಷ ಹಿಡಿಯಿತು, ಕೈಯಿಂದ ಅರವತ್ತು ಸಾವಿರದಷ್ಟು ಹೋಯಿತು.

ಮೊದಲ ಏಟು ಬಿದ್ದದ್ದು ನನ್ನ ಊರಿನ ಲೆಕ್ಕದಲ್ಲೇ. ಧಾರವಾಡ ಜಿಲ್ಲೆ ಬಹಳ ತಣ್ಣಗೆ ಬಂತು. ಖುಷಿಯಾಗಿ ಬರೆದೂಬಿಟ್ಟೆ. ಆಮೇಲೆ ಹೊಳೆಯಿತು. ಎಸ್ಪಿ ವ್ಯಾಪ್ತಿಯ ಕೊಲೆಗಳನ್ನು ನಾನು ಇಡೀ ಜಿಲ್ಲೆಯ 18.47 ಲಕ್ಷ ಜನಕ್ಕೆ ಭಾಗಿಸಿದ್ದೆ. ಅದರಲ್ಲಿ ಅರ್ಧ, 9.4 ಲಕ್ಷ ಜನ, ಹುಬ್ಬಳ್ಳಿ-ಧಾರವಾಡ ನಗರ ಪೊಲೀಸ್ ಕಮಿಷನರೇಟಿನವರು. ಅವರ ಕೊಲೆಗಳು ಬೇರೆ ಸಾಲಿನಲ್ಲಿದ್ದವು. ಮಂಗಳೂರು, ದಕ್ಷಿಣ ಕನ್ನಡದ್ದೂ ಇದೇ ಕಥೆ. ಕೋಲಾರದಲ್ಲಿ ಕೆಜಿಎಫ್ ಬೇರೆ ಪೊಲೀಸ್ ಜಿಲ್ಲೆ. ಹಳಿ ಮೇಲೆ ಬಿದ್ದ ಹೆಣ ರೈಲ್ವೆ ಪೊಲೀಸರ ಲೆಕ್ಕಕ್ಕೆ ಹೋಗುತ್ತೆ, ಯಾವ ಜಿಲ್ಲೆಗೂ ಸೇರಲ್ಲ. ಹರಪನಹಳ್ಳಿಯಂತೂ ನನ್ನನ್ನು ಒಂದು ವಾರ ಅಳಿಸಿತು. 2011ರ ಜನಗಣತಿಯಲ್ಲಿ ಅದು ದಾವಣಗೆರೆಯಲ್ಲಿದೆ, ಆಮೇಲೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಹೋಯಿತು. ಕೊನೆಗೆ ಜಿಲ್ಲೆ ಬಿಟ್ಟು ಠಾಣೆ ಠಾಣೆಯಾಗಿ ಕಟ್ಟಿದೆ. 2021ರ ಜನಗಣತಿ ನಡೆಯಲೇ ಇಲ್ಲವಲ್ಲ, ಜನಸಂಖ್ಯೆಯನ್ನು ಠಾಣೆಗೆ ಇಳಿಸಿದ್ದು ಹೇಗೆ ಅಂತ ಕೇಳುತ್ತೀರಿ. ಅದೊಂದು ನನ್ನಲ್ಲೇ ಇರಲಿ. ಮತದಾರರ ಪಟ್ಟಿಯ ಸಹವಾಸ ಇದೆ, ಅಷ್ಟು ಹೇಳಬಲ್ಲೆ.

ಠಾಣೆವಾರು ಲೆಕ್ಕಕ್ಕೆ ಎಫ್‌ಐಆರ್ ಬೇಕು. 2016ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅವು ವೆಬ್‌ಸೈಟಿನಲ್ಲಿ ಸಿಗುತ್ತವೆ, ಆದರೆ ಒಂದೊಂದಾಗಿ ತೆಗೆಯಬೇಕು. ಒಬ್ಬ ಹುಡುಗನನ್ನು ಹಿಡಿದೆ, ಎಫ್‌ಐಆರಿಗೆ ಆರು ರೂಪಾಯಿಯಂತೆ. ಮೂರು ಸಾವಿರ ದಾಟಿದ ಮೇಲೆ ನಕ್ಷೆ ಎಳೆದರೆ ಬೆಚ್ಚಿಬಿದ್ದೆ. ತುಮಕೂರಿನಿಂದ ಚಿತ್ರದುರ್ಗದವರೆಗೆ ರಕ್ತದ ಗೆರೆ ಎಳೆದಂತಿತ್ತು. ಹಿರಿಯೂರು ಅಂದರೆ ಕೊಲೆಗಾರರ ರಾಜಧಾನಿ! ಗೆರೆ ಸರಿಯಾಗಿ ಹೈವೇ ಮೇಲೇ ಹೋಗುತ್ತಿದೆಯಲ್ಲ ಅಂತ ಹೆಂಡತಿ ಹೇಳಿದಾಗ ತಲೆ ತಿರುಗಿತು. ಹುಡುಗ 304(ಎ), ಅಂದರೆ ಅಜಾಗರೂಕತೆಯಿಂದಾದ ಸಾವಿನ ಕಲಂ ಅನ್ನೂ 'ಸಾವು' ಅಂತ ಕೊಲೆಯ ಕಾಲಂಗೇ ಹಾಕಿದ್ದ. ಎಲ್ಲ ಲಾರಿ ಆಕ್ಸಿಡೆಂಟು. ಹದಿನೆಂಟು ಸಾವಿರ ನೀರಿಗೆ ಹೋಯಿತು. ಅವನದೇನು ತಪ್ಪು, ಹೇಳಿಕೊಡದವನು ನಾನೇ.

ಸಣ್ಣ ಜಿಲ್ಲೆಗಳ ಆಟ ನಿಮಗೆಲ್ಲ ಗೊತ್ತಿದ್ದದ್ದೇ. ಆದರೂ ಸಂಪಾದಕರಿಗೆ ಹೇಳಿದ ಹಾಗೇ ಹೇಳುತ್ತೇನೆ. ಕೊಡಗಿನಲ್ಲಿ 5.54 ಲಕ್ಷ ಜನ. ಲಕ್ಷಕ್ಕೆ ಎರಡು ಅಂತ ಹಿಡಿದರೆ ವರ್ಷಕ್ಕೆ ಹನ್ನೊಂದು ಕೊಲೆ. ಏನೂ ಬದಲಾಗದೆ, ಬರೀ ಅದೃಷ್ಟದ ಮೇಲೆ ಅದು ಒಂದು ವರ್ಷ ಐದಕ್ಕೆ ಇಳಿಯಬಹುದು, ಇನ್ನೊಂದು ವರ್ಷ ಹದಿನೆಂಟಕ್ಕೆ ಏರಬಹುದು. ದರ 0.9ರಿಂದ 3.2. ಅಂದರೆ ಒಂದು ವರ್ಷ ಕೇರಳ, ಮತ್ತೊಂದು ವರ್ಷ ಹೆಚ್ಚೂಕಮ್ಮಿ ಹರಿಯಾಣ. ಮಡಿಕೇರಿಯಲ್ಲಿ ಮಾತ್ರ ಯಾರ ಸ್ವಭಾವವೂ ಬದಲಾಗಿರಲ್ಲ. ಐದು ವರ್ಷ ಕೂಡಿಸಿ, ಸಣ್ಣ ಜಿಲ್ಲೆಗಳನ್ನು ರಾಜ್ಯದ ಸರಾಸರಿಯ ಕಡೆಗೆ ಸ್ವಲ್ಪ ಎಳೆದೆ. ಎಷ್ಟು ಎಳೆಯಬೇಕು ಅನ್ನೋದರಲ್ಲೇ ಕೈಚಳಕ ಇರೋದು. ನಂಬರ್ ಒನ್, ನಂಬರ್ ಟೂ ಅಂತ ಕೂಗಾಡುತ್ತಿದ್ದ ಜಿಲ್ಲೆಗಳಲ್ಲಿ ಬಹುಪಾಲು ಸುಮ್ಮನೆ ಗುಂಪಿಗೆ ಸೇರಿಕೊಂಡವು. ಹೊರಗೆ ನಿಂತವು ಕೈಬೆರಳಲ್ಲಿ ಎಣಿಸುವಷ್ಟು. ಹೆಸರು ಹೇಳಲ್ಲ, ಹೇಳಿದರೆ ಮತ್ತೆ ಹೆಡ್ಡಿಂಗ್ ಆಗುತ್ತೆ.

ಇನ್ನು ಸೇಡಿನ ಕೊಲೆಗಳಿಗೆ ಹೆಸರಾದ ಭೀಮಾ ತೀರ. ವಿಜಯಪುರದ ಅಂಕಿ ಸ್ವಲ್ಪ ಏರಿದರೆ ಸಾಕು, ಎಲ್ಲರೂ "ಆ ನೀರಿನ ಗುಣ" ಅನ್ನುತ್ತಾರೆ. ಅಲ್ಲರೀ, ಜಿಲ್ಲೆಯ ಅಂಕಿಯಲ್ಲಿ ಮುದ್ದೇಬಿಹಾಳವೂ ಇದೆ, ಅದು ಕೃಷ್ಣೆಯ ಕಡೆಯದು. ಚಡಚಣ, ಇಂಡಿ ಈಚೆ ದಂಡೆಯಲ್ಲಿ ವಿಜಯಪುರಕ್ಕೆ, ಅಫಜಲಪುರ ಕಲಬುರಗಿಗೆ. ನದಿಗೆ ಅಂತ ಪೊಲೀಸರ ಬಳಿ ಕಾಲಂ ಇಲ್ಲ. ಆ ದಂಡೆಯ ಠಾಣೆಗಳ ಎಫ್‌ಐಆರ್ ಒಂದು ತಿಂಗಳು ಕೂತು ಓದಿದೆ. ಸೇಡಿನ ಕಥೆ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಹೊಲದ ಬದು, ಅಣ್ಣತಮ್ಮಂದಿರ ಪಾಲು, ಹೆಂಡತಿ ಮೇಲೆ ಸಂಶಯ, ಕುಡಿದ ಮೇಲೆ ಎತ್ತಿದ ಕಲ್ಲು. ನಮ್ಮ ಕಡೆಯ ಎಫ್‌ಐಆರಿಗೂ ಅದಕ್ಕೂ ಊರಿನ ಹೆಸರಷ್ಟೇ ವ್ಯತ್ಯಾಸ. ಲಾಕ್‌ಡೌನಿನ ವರ್ಷ ನೆನಪಿಸಿಕೊಳ್ಳಿ. ರಸ್ತೆ ಖಾಲಿ ಇತ್ತು, ಆದರೂ ದೇಶದ ಕೊಲೆ 2019ರ ಇಪ್ಪತ್ತೊಂಬತ್ತು ಸಾವಿರದ ಹತ್ತಿರದಿಂದ ಇಳಿಯಲಿಲ್ಲ, ಒಂದು ಚೂರು ಏರಿತು. ಕೊಲ್ಲುವವನು ಮನೆಯಲ್ಲೋ ಪಕ್ಕದ ಹೊಲದಲ್ಲೋ ಇರುತ್ತಾನೆ.

ಆ ಓದಿನಲ್ಲೇ ನನಗೆ ನಿಜವಾದ ಗಂಟು ಸಿಕ್ಕಿದ್ದು. ಒಂದು ಎಫ್‌ಐಆರ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಾತ್ರಿ ಹನ್ನೊಂದಕ್ಕೆ ಕೊಡಲಿ ಏಟು. ಟಂಟಂನಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಸೊಲ್ಲಾಪುರಕ್ಕೆ. ಕೇಸು 307, ಅಂದರೆ ಕೊಲೆ ಯತ್ನ. ಮೂರನೇ ದಿನ ಸತ್ತ, ಕಲಂ 302, ಅಂದರೆ ಕೊಲೆ ಆಯಿತು. ಅದೇ ಏಟು ಮಂಗಳೂರಿನಲ್ಲಿ ಬಿದ್ದಿದ್ದರೆ? ಅರ್ಧ ಗಂಟೆಯೊಳಗೆ ಯಾವುದಾದರೂ ಮೆಡಿಕಲ್ ಕಾಲೇಜಿನ ಬಾಗಿಲು. ಬಹುಶಃ 307ರಲ್ಲೇ ಉಳಿಯುತ್ತಿತ್ತು. ಅಂದಿನಿಂದ ಕೊಲೆಯನ್ನು ಒಂಟಿಯಾಗಿ ನೋಡುವುದು ಬಿಟ್ಟೆ. 302 ಮತ್ತು 307 ಪಕ್ಕಪಕ್ಕ ಇಟ್ಟು, ಹತ್ತು ಏಟಿಗೆ ಎಷ್ಟು ಸಾವು ಅಂತ ನೋಡುತ್ತೇನೆ. 307 ಹಾಕುವುದರಲ್ಲಿ ಠಾಣೆಗೊಂದು ಚಾಳಿ ಇರುತ್ತೆ, ಒಬ್ಬರ 307 ಇನ್ನೊಬ್ಬರಿಗೆ 324, ಬರೀ ಆಯುಧದಿಂದಾದ ಗಾಯ. ಅದನ್ನು ಸರಿಪಡಿಸಲು ಆಯುಧದ ಕಾಲಂ ಬಳಸಿದೆ. ಯುಡಿಆರ್ (ಅಸಹಜ ಸಾವಿನ ವರದಿ) ಮತ್ತು ವರದಕ್ಷಿಣೆ ಸಾವನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಕೊಲೆ ಕಮ್ಮಿ, ಗುರುತು ಸಿಗದ ಹೆಣ ಜಾಸ್ತಿ ಅನ್ನೋ ಕಡೆ ಸ್ವಲ್ಪ ನಿಂತು ನೋಡಬೇಕಾಗುತ್ತೆ.

ನಡುವೆ ಒಂದಿಷ್ಟು ಹುಚ್ಚಾಟ ನಡೆಯಿತು. ಮಳೆ ಕೈಕೊಟ್ಟ ವರ್ಷ ಬದು ಜಗಳ ಜಾಸ್ತಿಯೇ ಅಂತ ತಾಲ್ಲೂಕುವಾರು ಮಳೆ ಕೂಡಿಸಿದೆ. ಏನೂ ಬರಲಿಲ್ಲ. ಕಾರ ಹುಣ್ಣಿಮೆ, ಜಾತ್ರೆ, ಚುನಾವಣೆ ಎಲ್ಲ ಹಾಕಿ ನೋಡಿದೆ, ಅದೂ ಇಲ್ಲ. ಮದ್ಯ ಮಾರಾಟದ ಅಂಕಿಗೆ ಆರ್‌ಟಿಐ ಹಾಕಿದೆ. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು. ಸಾವಿರದ ಮೇಲೆ ಪುಟ ಕೊಟ್ಟರು, ಅರ್ಧ ಓದಲು ಬರಲ್ಲ. ಉಳಿದರ್ಧದಲ್ಲಿ ಒಂದು ಡಿಪೋದ ಮಾಲು ಮೂರು ತಾಲ್ಲೂಕಿಗೆ ಹೋಗಿತ್ತು. ಆ ಕಾಗದ ಈಗ ಮನೆಯಲ್ಲಿ ಅಟ್ಟದ ಮೇಲಿದೆ.

ಗೆಳೆಯ ಒಪ್ಪಿದ್ದು ಹೀಗೆ. 2018ರಿಂದ 2022ರವರೆಗಿನದು ಕೂಡಿಸಿ, 2023ನ್ನು ಮುಚ್ಚಿಟ್ಟು ಊಹೆ ಬರೆದುಕೊಟ್ಟೆ. ಹೋದ ವರ್ಷದ ದರವನ್ನೇ ನಂಬುವ ಹಳೇ ದಾರಿಗಿಂತ ನನ್ನದರಲ್ಲಿ ತಪ್ಪು ಮೂರರಲ್ಲೊಂದು ಪಾಲು ಕಮ್ಮಿ. ನಂಬರ್ ಒನ್ ಆಗಿ ಮೆರೆದಿದ್ದ ಜಿಲ್ಲೆ ತಾನಾಗಿಯೇ ಇಳಿಯುತ್ತೆ ಅಂತಲೂ ಬರೆದಿದ್ದೆ. ಇಳಿಯಿತು. ಅಲ್ಲಿ ಹೊಸ ಬೀಟ್ ವ್ಯವಸ್ಥೆಯ ಫಲ ಅಂತ ಸನ್ಮಾನವೂ ಆಯಿತಂತೆ. ನನಗೆ ಸಿಕ್ಕಿದ್ದು ಗೆಳೆಯ ಕೊಡಿಸಿದ ಗಿರ್ಮಿಟ್, ಮಿರ್ಚಿ.

ಒಂದು ಎಚ್ಚರಿಕೆ ಮಾತ್ರ ಕೊಟ್ಟುಬಿಡುತ್ತೇನೆ, ಇದರಲ್ಲಿ ನನಗೆ ಎರಡು ವಾರ ಹೋಗಿದೆ. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆ ಈಗ ಬಿಎನ್‌ಎಸ್ 103. ಹೊಸ ಕಾಯ್ದೆಯಲ್ಲಿ 302 ಅಂದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತು, 304 ಅಂದರೆ ಸರ ಕಿತ್ತುಕೊಂಡು ಓಡುವುದು. ನನ್ನ ಕಂಪ್ಯೂಟರ್ ಕೋಡು, ಬೈದವನನ್ನೂ ಸರಗಳ್ಳನನ್ನೂ ಕೊಲೆಗಾರರ ಸಾಲಿಗೆ ಸೇರಿಸಿತ್ತು. ಜುಲೈಗೆ ಮುಂಚೆ ನಡೆದ ಕೃತ್ಯ ಆಮೇಲೆ ದಾಖಲಾದರೂ ಐಪಿಸಿಯಲ್ಲೇ ಬರುತ್ತೆ. ಹಾಗಾಗಿ ದಾಖಲಾದ ದಿನ ನೋಡಬೇಡಿ, ಕೃತ್ಯ ನಡೆದ ದಿನ ನೋಡಿ. ಕಲಂ ನಂಬರಿನ ಪಕ್ಕ ಕಾಯ್ದೆಯ ಹೆಸರಿಗೆ ಒಂದು ಕಾಲಂ ಮೊದಲೇ ಬಿಟ್ಟುಕೊಳ್ಳಿ.